ಮಳೆನೀರಿನ ಪೈಪನ್ನು ಚೇಂಬರಿಗೆ ಕೊಡುತ್ತೇವೆ ಅನ್ನುವವರಿಗೆ ಕೆಲಸ ಕೊಡಬೇಡಿ

ಆಗಸ್ಟ್ ತಿಂಗಳ ಒಂದು ರಾತ್ರಿ, ಹತ್ತೂವರೆ ಇರಬೇಕು, ಜೋರು ಮಳೆ. ಅಮ್ಮ ಬಚ್ಚಲುಮನೆಯಿಂದ ಕೂಗಿದರು. ಓಡಿಹೋಗಿ ನೋಡಿದರೆ ನೆಲದ ಜಾಲರಿಯಿಂದ ಕಪ್ಪು ನೀರು ಗುಳುಗುಳು ಅಂತ ಮೇಲಕ್ಕೆ ಉಕ್ಕುತ್ತಿದೆ. ಹತ್ತೇ ನಿಮಿಷಕ್ಕೆ ಅದು ಹೊಸ್ತಿಲು ದಾಟಿ ನಡುಮನೆಗೆ ಬಂತು. ಹಳೇ ಸೀರೆ, ಗೋಣಿಚೀಲ, ಜಮಖಾನ, ಕೈಗೆ ಸಿಕ್ಕಿದ್ದೆಲ್ಲ ಅಡ್ಡ ಹಾಕಿದರೂ ನಿಲ್ಲಲಿಲ್ಲ. ದೇವರಮನೆಗೆ ಎರಡು ಗೇಣು ದೂರವಿದ್ದಾಗ ಮಳೆ ನಿಂತಿತು. ಎಪ್ಪತ್ತೆಂಟು ವರ್ಷದ ಅಮ್ಮ ಬೆಳಗಾಗುವವರೆಗೂ ಮಂಚದಿಂದ ಕಾಲು ಕೆಳಗಿಡಲಿಲ್ಲ.

ಇದಕ್ಕೆ ಮಳೆಯನ್ನು ದೂರುವ ಹಾಗಿಲ್ಲ. ಮೇ ತಿಂಗಳಲ್ಲಿ ನಾನೇ ದುಡ್ಡು ಕೊಟ್ಟು ಮಾಡಿಸಿದ ಕೆಲಸದ ಫಲ ಅದು. ಹಳೇ ಬಡಾವಣೆಗಳಲ್ಲಿ ಸ್ವಂತ ಮನೆ ಇರುವವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮ ಮಾತ್ರ ಇರುವ ಮನೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಅಪ್ಪ 1976ರಲ್ಲಿ ಕಟ್ಟಿಸಿದ ಮನೆ. 40–60ರ ಸೈಟು, ತಾರಸಿ ಸುಮಾರು 1200 ಚದರಡಿ. ಆಗ ಕಟ್ಟಿದವರು ಎರಡು ನೀರಿಗೆ ಎರಡು ದಾರಿ ಮಾಡಿದ್ದರು. ತಾರಸಿಯ ನೀರು ಎರಡು ಎ.ಸಿ. ಪೈಪಿನಲ್ಲಿ, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನ ಪೈಪಿನಲ್ಲಿ ಇಳಿದು, ಅಂಗಳದ ಚಪ್ಪಡಿಯ ಮೇಲೆ ಹರಿದು, ಗೇಟಿನ ಕೆಳಗಿನಿಂದ ರಸ್ತೆಯ ಮೋರಿ ಸೇರುತ್ತಿತ್ತು. ಬಚ್ಚಲು, ಕಕ್ಕಸಿನ ನೀರು ಸುಟ್ಟ ಜೇಡಿಮಣ್ಣಿನ, ಕಂದು ಬಣ್ಣದ ಸ್ಟೋನ್‌ವೇರ್ ಪೈಪಿನಲ್ಲಿ ಮೂರು ಚೇಂಬರು, ಅಂದರೆ ಕೊಳೆನೀರಿನ ಪೈಪುಗಳು ಕೂಡುವ ಮುಚ್ಚಳದ ಗುಂಡಿಗಳನ್ನು, ದಾಟಿ ರಸ್ತೆಯ ಒಳಚರಂಡಿಗೆ ಹೋಗುತ್ತಿತ್ತು. ನಲವತ್ತು ವರ್ಷ ಒಂದು ತೊಂದರೆಯೂ ಇರಲಿಲ್ಲ. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದರು, ಹಳೆಯ ಪದರವನ್ನು ಕೆರೆದು ತೆಗೆಯಲೇ ಇಲ್ಲ. ಈಗ ರಸ್ತೆ ನಮ್ಮ ಅಂಗಳಕ್ಕಿಂತ ಅರ್ಧ ಅಡಿ ಎತ್ತರ. ನಮ್ಮ ಬೀದಿಯ ಹಳೇ ಮನೆಗಳೆಲ್ಲ ಹೀಗೆ ಹಳ್ಳಕ್ಕೆ ಬಿದ್ದಿವೆ. ಜೊತೆಗೆ ಗೇಟಿನ ಮುಂದಿನ ಗುಲ್‌ಮೊಹರ್. ಅದರ ಎಲೆ ಎಳ್ಳುಕಾಳಿನ ಹಾಗೆ ಉದುರಿ ಎಂಥ ಜಾಲರಿಯಲ್ಲೂ ನುಸುಳಿ ಪೈಪಿನ ಬಾಯಲ್ಲಿ ಕೆಸರಾಗಿ ಕೂರುತ್ತದೆ.

ಮೇ ಮೂರನೇ ವಾರ, ಮುಂಗಾರಿಗೆ ಮುಂಚೆ ಶುಚಿ ಮಾಡಿಸೋಣ ಅಂತ ಮೊಬೈಲಿನಲ್ಲಿ ಹುಡುಕಿ ಒಬ್ಬರಿಗೆ ಫೋನ್ ಮಾಡಿದೆ. ತಾರಸಿ, ಪೈಪು, ಚೇಂಬರು ಎಲ್ಲ ಸೇರಿ 6,500 ರೂಪಾಯಿ ಅಂದರು. ಮಾರನೇ ದಿನವೇ ಮೂರು ಜನ ಬಂದರು. ಮಾತು ತುಂಬಾ ನಯ. ಅಮ್ಮನ ಹತ್ತಿರ ಕಾಫಿ ಕೇಳಿ ಕುಡಿದರು.

ಅರ್ಧ ಗಂಟೆಗೆ ಮೇಸ್ತ್ರಿ ಮೊಬೈಲ್ ಹಿಡಿದುಕೊಂಡು ಬಂದ. “ಮೇಡಂ, ಕ್ಯಾಮೆರಾ ಬಿಟ್ಟು ನೋಡಿದ್ವಿ. ಒಳಗೆ ಪೈಪೆಲ್ಲ ಒಡೆದುಹೋಗಿದೆ. ಹಿಂಗೇ ಬಿಟ್ರೆ ಪಾಯ ಕೂತ್ಕೊಳುತ್ತೆ.” ವಿಡಿಯೋದಲ್ಲಿ ನಿಜವಾಗಿಯೂ ಒಡೆದ ಪೈಪು ಇತ್ತು. ಪಾಯದ ಮಾತು ಕೇಳಿದ ಮೇಲೆ ನನಗೆ ಬೇರೇನೂ ತೋಚಲಿಲ್ಲ. ಎಷ್ಟೋ ದಿನ ಆದ ಮೇಲೆ ಹೊಳೆಯಿತು: ವಿಡಿಯೋದಲ್ಲಿದ್ದದ್ದು ಬೂದು ಬಣ್ಣದ ಪಿವಿಸಿ ಪೈಪು. ನಮ್ಮ ಮನೆಯ ನೆಲದಡಿ ಇರುವುದು ಕಂದು ಬಣ್ಣದ ಸ್ಟೋನ್‌ವೇರ್. ಅದು ಯಾರ ಮನೆಯ ಪೈಪೋ. ಕ್ಯಾಮೆರಾ ಬಿಡುತ್ತೇವೆ ಅಂದರೆ ನೀವು ಪಕ್ಕದಲ್ಲೇ ನಿಲ್ಲಿ. ನಿಮ್ಮ ಚೇಂಬರಿನ ಮುಚ್ಚಳ, ನಿಮ್ಮ ಕಾಲು, ಆಮೇಲೆ ಪೈಪಿನ ಒಳಗು, ಎಲ್ಲ ಒಂದೇ ವಿಡಿಯೋದಲ್ಲಿ ಕಡಿಯದೆ ಬರಬೇಕು. ಬೇರೆ ಯಾವ ವಿಡಿಯೋ ತೋರಿಸಿದರೂ ದುಡ್ಡು ಕೊಡಬೇಡಿ.

6,500 ಹೋಗಿ 38,000 ಆಯಿತು. 25,000 ಮುಂಗಡ ಅಲ್ಲೇ ಫೋನ್‌ಪೇ ಮಾಡಿದೆ. ರಸೀದಿ ಕೇಳಿದ್ದಕ್ಕೆ ಕೆಲಸ ಮುಗಿದ ಮೇಲೆ ಕೊಡುತ್ತೇವೆ ಅಂದರು.

ಅವತ್ತು ಮಧ್ಯಾಹ್ನ ನಡೆದದ್ದನ್ನು ಬರೆಯದೆ ಇರಲಾರೆ. ಗೇಟಿನ ಹತ್ತಿರದ ಕೊನೆಯ ಚೇಂಬರು ಐದಡಿ ಆಳ. ಮುಚ್ಚಳ ತೆಗೆದು, ಬಿದಿರು ದಬ್ಬೆ ಹಾಕಿ ಚುಚ್ಚಿದರು, ಹೋಗಲಿಲ್ಲ. ಮೇಸ್ತ್ರಿ ಜೊತೆಯ ಹುಡುಗನಿಗೆ ಇಳಿ ಅಂದ. ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಕಾಲಲ್ಲಿ ಚಪ್ಪಲಿಯಿಲ್ಲ, ಕೈಗೆ ಗ್ಲೌಸಿಲ್ಲ. ಅವನು ಪ್ಯಾಂಟು ಮಡಿಚುತ್ತಿದ್ದ. ಜಗಲಿಯಲ್ಲಿ ಕೂತಿದ್ದ ಅಮ್ಮ ಎದ್ದು ಬಂದು, “ಏ ತಮ್ಮಾ, ಇಳೀಬೇಡ ಕಣಪ್ಪ. ನಮ್ಮನೆ ಕಟ್ಟಿಕೊಂಡ್ರೆ ಕಟ್ಟಿಕೊಳ್ಳಲಿ, ನೀನು ಮೇಲೆ ಬಾ” ಅಂತ ಅವನ ರಟ್ಟೆ ಹಿಡಿದುಕೊಂಡರು. ಮೇಸ್ತ್ರಿ, “ಎರಡು ನಿಮಿಷದ ಕೆಲಸ ಅಮ್ಮಾ” ಅಂದ. ಅಮ್ಮ ಬಿಡಲಿಲ್ಲ.

ಚೇಂಬರಿನೊಳಗೆ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗಿ ಮನುಷ್ಯ ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಹೋಗುತ್ತಾನೆ. ರಕ್ಷಣೆಯಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಅಷ್ಟಾದರೂ ಇಳಿಸುವುದು ನಿಂತಿಲ್ಲ. ಆ ಕ್ಷಣವೇ ಅವರನ್ನು ಮನೆಯಿಂದ ಕಳಿಸಬೇಕಿತ್ತು. ಮುಂಗಡ ಕೊಟ್ಟಾಗಿದೆ ಅನ್ನುವ ಒಂದೇ ಕಾರಣಕ್ಕೆ ನಾನು ಕಳಿಸಲಿಲ್ಲ, ಅದು ನನ್ನ ತಪ್ಪು.

ಸಂಜೆಗೆ ಮೇಸ್ತ್ರಿ ಹೊಸ ಉಪಾಯ ಹೇಳಿದ. “ಅಂಗಳದಲ್ಲಿ ನೀರು ನಿಲ್ಲೋದೇ ಬೇಡ ಮೇಡಂ. ಮೇಲಿನ ಎರಡೂ ಪೈಪನ್ನ ಚೇಂಬರಿಗೆ ಕೊಟ್ಟುಬಿಡ್ತೀನಿ. ಲೈಫ್‌ಲಾಂಗ್ ತಲೆನೋವಿರಲ್ಲ.” ಕೇಳಲು ಚೆನ್ನಾಗಿತ್ತು, ಒಪ್ಪಿದೆ. ಹಳೇ ಎ.ಸಿ. ಪೈಪನ್ನು ಕಟಿಂಗ್ ಮಷೀನಿನಲ್ಲಿ ಒಣಗಿದ್ದ ಹಾಗೇ ಕೊಯ್ದರು. ಬಿಳಿ ದೂಳು ತುಳಸಿಕಟ್ಟೆಯಿಂದ ಅಡುಗೆಮನೆ ಕಿಟಕಿಯವರೆಗೆ ಹರಡಿತು. ಆಸ್ಬೆಸ್ಟಾಸಿನ ಆ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಅಂಥ ಪೈಪನ್ನು ಕೊಯ್ಯಬಾರದು. ನೀರು ಚಿಮುಕಿಸಿ, ಕ್ಲ್ಯಾಂಪ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ಚೇಂಬರಿಗೆ ಆ್ಯಸಿಡ್ಡನ್ನೂ ಸುರಿದರು. ಸ್ಟೋನ್‌ವೇರಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಕೀಲಿನ ಸಿಮೆಂಟನ್ನು ಅದು ತಿಂದುಹಾಕುತ್ತದೆ, ಬೇರು ನುಗ್ಗುವುದೇ ಅಲ್ಲಿಂದ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆ್ಯಸಿಡ್ ಬಿದ್ದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಮಿಕ್ಕ 13,000ವನ್ನೂ ಕೊಟ್ಟೆ. ಜೂನ್, ಜುಲೈಯ ಸಣ್ಣ ಮಳೆಗೆ ಅಂಗಳದಲ್ಲಿ ಒಂದು ಹನಿ ನಿಲ್ಲಲಿಲ್ಲ. ಪಕ್ಕದ ಮನೆಯವರಿಗೂ ಅವರ ನಂಬರು ಕೊಟ್ಟೆ.

ಆಮೇಲೆ ಆ ಆಗಸ್ಟ್ ರಾತ್ರಿ ಬಂತು. ಲೆಕ್ಕ ಹಾಕಿ ನೋಡಿ. 1200 ಚದರಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 111 ಲೀಟರ್ ನೀರು. 50 ಮಿಲಿಮೀಟರ್ ಸುರಿದರೆ ಐದೂವರೆ ಸಾವಿರ ಲೀಟರ್, ಒಂದು ಟ್ಯಾಂಕರ್ ಹತ್ತಿರ ಹತ್ತಿರ. ಒಂದು ಮನೆಯ ಬಚ್ಚಲು, ಕಕ್ಕಸಿಗೆ ಅಂತ ಹೂತ ಪೈಪಿನಲ್ಲಿ ಇಷ್ಟು ನೀರು ಒಂದೇ ಸಲ ನುಗ್ಗಿದರೆ ಏನಾಗಬೇಕು? ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹೀಗೇ ಮಾಡಿಸಿದ್ದರೆ ರಸ್ತೆಯ ಒಳಚರಂಡಿಯೂ ತುಂಬಿ ನಿಲ್ಲುತ್ತದೆ. ಹೊರಗೆ ಹೋಗಲಾರದ ನೀರು ಅತಿ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ರಸ್ತೆಗಿಂತ ಕೆಳಗಿದ್ದ ನಮ್ಮ ಬಚ್ಚಲಿನ ಜಾಲರಿಯೇ ಆ ಬಾಯಿ. ಮಳೆನೀರನ್ನು ಒಳಚರಂಡಿಗೆ ಬಿಡುವುದು ಜಲಮಂಡಳಿಯ ನಿಯಮಕ್ಕೆ ವಿರುದ್ಧ ಅನ್ನುವುದೂ ನನಗೆ ಆಮೇಲೆಯೇ ತಿಳಿದದ್ದು.

ಮೇಸ್ತ್ರಿಯ ಫೋನು ಅವತ್ತಿನಿಂದ ಸ್ವಿಚ್ ಆಫ್.

ಸರಿ ಮಾಡಿಕೊಟ್ಟವರು ನಮ್ಮ ಬೀದಿಯಲ್ಲೇ ಮೂವತ್ತು ವರ್ಷದಿಂದ ಪ್ಲಂಬಿಂಗ್ ಮಾಡುವ ಹಿರಿಯರು. ಮೊದಲು ಅವರನ್ನೇ ಕೇಳಬೇಕಿತ್ತು. ಅವರು ಕೇಳಿದ್ದು ಕೇಸರಿಬಾತಿಗೆ ಹಾಕುವ ಬಣ್ಣ. ಬಕೆಟ್ ನೀರಿಗೆ ಕಲಸಿ ತಾರಸಿಯ ಪೈಪಿಗೆ ಸುರಿದು, ಚೇಂಬರಿನ ಮುಚ್ಚಳ ತೆಗೆದು ನಿಂತರು. ಅರ್ಧ ನಿಮಿಷಕ್ಕೆ ಕೇಸರಿ ನೀರು ಚೇಂಬರಿಗೆ ಬಂತು. ಹಳೇ ಮನೆ ಕೊಂಡವರು, ಬೋಗ್ಯಕ್ಕೆ ಹಿಡಿದವರು ಕೂಡ ಈ ಒಂದು ಪರೀಕ್ಷೆ ಮಾಡಿ ನೋಡಿ. ಮೊದಲಿನವರು ಎಲ್ಲಿಗೆ ಜೋಡಿಸಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಅಗೆದಾಗ ಕಂಡದ್ದು: ಸ್ಟೋನ್‌ವೇರ್ ಪೈಪಿಗೆ ತೂತು ಹೊಡೆದು ಪಿವಿಸಿ ತುರುಕಿ, ಸುತ್ತ ಒಂದು ಮುದ್ದೆ ಸಿಮೆಂಟು ಮೆತ್ತಿದ್ದರು. ಒಡೆದ ಚೂರುಗಳೆಲ್ಲ ಪೈಪಿನೊಳಗೇ ಇದ್ದವು. ಮಿಕ್ಕ ಹಳೇ ಪೈಪು ಒಂದು ಕಡೆಯೂ ಒಡೆದಿರಲಿಲ್ಲ.

ಈಗ ಮುಂದಿನ ಪೈಪಿನ ನೀರು ಕಾಂಪೌಂಡಿಗೆ ಒರಗಿಕೊಂಡು, ಮೊಣಕಾಲೆತ್ತರದಲ್ಲಿ, ಗೋಡೆ ದಾಟಿ ಮೋರಿಗೆ ಬೀಳುತ್ತದೆ. ತಾರಸಿಯಿಂದ ಇಳಿಯುವ ನೀರಿಗೆ ರಸ್ತೆಯ ಎತ್ತರ ಅಡ್ಡಿಯೇ ಅಲ್ಲ. ಹಿಂದಿನ ಪೈಪು ಜಲ್ಲಿ, ಮರಳಿನ ಡ್ರಮ್ಮಿನಲ್ಲಿ ಸೋಸಿಕೊಂಡು ಇಂಗುಬಾವಿಗೆ ಹೋಗುತ್ತದೆ. ತಲೆಮಾರುಗಳಿಂದ ಬಾವಿ ತೋಡುವ ಕುಟುಂಬದವರು ಬಂದು 3 ಅಡಿ ಅಗಲ, 20 ಅಡಿ ಆಳ ತೋಡಿ ಸಿಮೆಂಟ್ ಉಂಗುರ ಇಳಿಸಿದರು. ಅದರಲ್ಲೇ 4,000 ಲೀಟರ್ ಹಿಡಿಯುತ್ತದೆ. 2400 ಚದರಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹಳೇ ಮನೆಗಳಿಗೆ ಮಳೆನೀರು ಕೊಯ್ಲು 2009ರಿಂದಲೇ ಬೆಂಗಳೂರಿನಲ್ಲಿ ಕಡ್ಡಾಯ. ನಾವು ಅಷ್ಟು ವರ್ಷ ಮಾಡಿಸಿರಲಿಲ್ಲ. ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ತೆಗೆದು ಗುಮ್ಮಟದ ಹಾಗೆ ಎದ್ದು ನಿಲ್ಲುವ ಜಾಲರಿ ಹಾಕಿದ್ದೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪೊರಕೆ ಹಿಡಿದು ನಾನೇ ತಾರಸಿ ಹತ್ತುತ್ತೇನೆ. ರಸ್ತೆಯ ಮ್ಯಾನ್‌ಹೋಲ್ ಉಕ್ಕಿದರೆ ಖಾಸಗಿಯವರನ್ನು ಕರೆಯಬೇಡಿ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಅಲ್ಲಿ ರಭಸದಿಂದ ನೀರು ಹಾಯಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಮಷೀನ್ ಬೇಕು, ಮನುಷ್ಯ ಇಳಿಯಬೇಕಾಗಿಲ್ಲ.

ಪಕ್ಕದ ಮನೆಯವರು ನಾನು ಕೊಟ್ಟ ನಂಬರಿಗೆ ಫೋನ್ ಮಾಡಿ ಅವರಲ್ಲೂ ಅದೇ ಕೆಲಸ ಮಾಡಿಸಿದ್ದರು. ಹೋಗಿ ಎಲ್ಲ ಹೇಳಿದೆ. ಕಳೆದ ಭಾನುವಾರ ಅವರ ಅಂಗಳವನ್ನೂ ಅಗೆದು ಪೈಪು ಬೇರೆ ಮಾಡಿಸಿದೆವು. ನಿನ್ನೆ ರಾತ್ರಿ ಮತ್ತೆ ಜೋರು ಮಳೆ ಬಂದಾಗ ಕೊಡೆ ಹಿಡಿದು ಹೋಗಿ ಗೇಟಿನ ಹತ್ತಿರದ ಚೇಂಬರಿನ ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಅಮ್ಮ ಕಾಲು ತೊಳೆದ ನೀರು ಸಣ್ಣಗೆ ಹರಿದುಹೋಗುತ್ತಿತ್ತು, ಬೇರೇನೂ ಇರಲಿಲ್ಲ.