ಖಾಲಿ ಸಿಲಿಂಡರುಗಳ ವಸೂಲಿಗಾರ

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಡಿಸ್ಕುಗಳನ್ನು ಕಾಯುವುದು ನನ್ನ ಕೆಲಸ. ಐಬಿಎಂನ ಡಿಎಫ್‌ಎಸ್‌ಎಂಎಸ್‌ಎಚ್‌ಎಸ್‌ಎಂ, ನಮ್ಮ ಬಾಯಲ್ಲಿ ಎಚ್‌ಎಸ್‌ಎಂ, ಆ ಡಿಸ್ಕುಗಳ ಜಾಗವನ್ನು ನಿಭಾಯಿಸುವ ಸಾಫ್ಟ್‌ವೇರ್, ನನ್ನ ಮಿತಭಾಷಿ ಸಹಾಯಕ. ಡಿಸ್ಕಿನ ಜಾಗ ಅಳೆಯುವುದು ಸಿಲಿಂಡರ್ ಲೆಕ್ಕದಲ್ಲಿ; ಪ್ರೋಗ್ರಾಮರುಗಳು 500 ಸಿಲಿಂಡರ್ ಕೇಳಿ 12 ಬಳಸುವ ಜನ. 3390 ಮಾದರಿಯ ಡಿಸ್ಕಿನ ಒಂದು ಸಿಲಿಂಡರ್ ಎಂದರೆ 15 ಟ್ರ್ಯಾಕ್, 8,49,960 ಬೈಟ್. ಉಳಿದ 488ರಲ್ಲಿ ಸುಮಾರು 41 ಕೋಟಿ ಬೈಟ್ ಸುಮ್ಮನೆ ಬಿದ್ದಿರುತ್ತದೆ. ಮ್ಯಾನೇಜ್‌ಮೆಂಟ್ ಕ್ಲಾಸ್ ಎಂಬ ನಿಯಮಗಳ ಪಟ್ಟಿಯಲ್ಲಿ ಹೇಳಿಟ್ಟರೆ ಸಾಕು, ಎಚ್‌ಎಸ್‌ಎಂ ಅದನ್ನು ತಾನೇ ಬಿಡಿಸಿಕೊಡುತ್ತದೆ. ಯಾರೂ ಮುಟ್ಟದ ಡೇಟಾಸೆಟ್ಟುಗಳನ್ನು, ಅಂದರೆ ಫೈಲುಗಳನ್ನು, ಬೇರೆ ಡಿಸ್ಕಿಗೋ ಟೇಪಿಗೋ ಸಾಗಿಸಿ, ಯಾವುದು ಎಲ್ಲಿದೆ ಎಂದು ಹೇಳುವ ಕ್ಯಾಟಲಾಗಿನಲ್ಲಿ ‘ಮೈಗ್ರಾಟ್’ ಎಂಬ ಗುರುತು ಬಿಡುತ್ತದೆ. ತೆರೆದರೆ ಮರಳಿ ತರುತ್ತದೆ. ಟೇಪಿನಲ್ಲಿದ್ದರೆ ಮಾತ್ರ ಕಾಯಬೇಕು.

ಒಮ್ಮೆ ಜಿಪುಣತನದಿಂದ ತಿಂಗಳ ಕೊನೆಗೆ ಉಬ್ಬುವ ಡೇಟಾಸೆಟ್ಟಿನ ಮಿಕ್ಕ ಜಾಗವನ್ನೂ ಕೀಳಿಸಿದೆ. ಅದಕ್ಕೆ ತುಂಬಿದ ಮೇಲೆ ಬೆಳೆಯಲು ಬೇಕಾದ ಸೆಕೆಂಡರಿ ಜಾಗ ಕೊಟ್ಟಿರಲಿಲ್ಲ. ನಡುರಾತ್ರಿ ಡಿ37 ಅಬೆಂಡ್, ಅಂದರೆ ಜಾಗ ಸಾಲದೆ ಕೆಲಸ ಅರ್ಧಕ್ಕೇ ನಿಂತಿತು, ಬೆನ್ನಿಗೇ ಫೋನು. ತಪ್ಪು ನನ್ನದೇ, ಉಪಕರಣದ್ದಲ್ಲ.

ಸಿಟ್ಟು ಬರುವುದು ಅದರ ಸಂದೇಶಗಳ ಮೇಲೆ. ಎಆರ್‌ಸಿ ಎಂದು ಶುರುವಾಗುವ ಸಂಕೇತ, ಒಂದು ರಿಟರ್ನ್ ಕೋಡ್, ಒಂದು ರೀಸನ್ ಕೋಡ್. ಅರ್ಥಕ್ಕೆ ಕೈಪಿಡಿ ತಡಕಾಡಬೇಕು. ಎಚ್‌ಎಸ್‌ಎಂಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಆ ಸಂದೇಶಗಳ ಪಾಲಿನದು.