ಕ್ಯಾಪ್ಟನ್ ಯಾರಾಗಬೇಕು: ಒಳ್ಳೆ ಆಟಗಾರನೋ, ಒಳ್ಳೆ ನಾಯಕನೋ?

ತಂಡದ ಅತ್ಯುತ್ತಮ ಆಟಗಾರನನ್ನೇ ಕ್ಯಾಪ್ಟನ್ ಮಾಡುವುದು ಸುಲಭ. ತಂಡದಲ್ಲಿ ಅವನ ಜಾಗ ಗಟ್ಟಿ, ಅಭಿಮಾನಿಗಳಿಗೂ ಖುಷಿ. ಆದರೆ ಆಡುವುದು ಒಂದು ಕೆಲಸ, ಆಡಿಸುವುದು ಇನ್ನೊಂದು, ಅಲ್ವಾ?

1981ರ ಆ್ಯಶಸ್ ಸರಣಿ ನೋಡಿ, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ ಟೆಸ್ಟ್ ಕ್ರಿಕೆಟ್ ಸರಣಿ. ಇಂಗ್ಲೆಂಡಿನ ಇಯಾನ್ ಬೋಥಮ್ ಆ ಕಾಲದ ದೊಡ್ಡ ಆಲ್‌ರೌಂಡರ್. ಅವರ ನಾಯಕತ್ವದ 12 ಟೆಸ್ಟ್‌ಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ. ಆ ಸರಣಿಯ ಎರಡನೇ ಟೆಸ್ಟ್ ಆದ ಮೇಲೆ ಅವರು ನಾಯಕತ್ವ ಬಿಟ್ಟರು. ಬಂದವರು ಮೈಕ್ ಬ್ರಿಯರ್ಲಿ. ಟೆಸ್ಟ್‌ನಲ್ಲಿ ಒಂದೂ ಶತಕವಿಲ್ಲ, ಸರಾಸರಿ 23ಕ್ಕಿಂತ ಕಡಿಮೆ. ಆದರೆ ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಪಂದ್ಯದಲ್ಲೇ, ಹೆಡಿಂಗ್ಲಿಯಲ್ಲಿ, ಬೋಥಮ್ ಔಟಾಗದೆ 149 ಹೊಡೆದರು. ಫಾಲೋ ಆನ್ ಆಡಿದ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ತುಂಬಾ ಹಿಂದೆ ಬಿದ್ದು ತಕ್ಷಣ ಮತ್ತೆ ಬ್ಯಾಟಿಂಗ್ ಮಾಡಬೇಕಾಗಿ ಬಂದ ತಂಡ 18 ರನ್‌ಗಳಿಂದ ಗೆದ್ದಿತು. ನನಗೆ ಇವತ್ತಿಗೂ ರೋಮಾಂಚನ ಆಗುವ ಕಥೆ ಇದು. ಹಾಗಂತ ಆ 149 ಹೊಡೆದದ್ದು ನಾಯಕತ್ವ ಅಲ್ಲ, ಪ್ರತಿಭೆಯೇ.

ಫುಟ್‌ಬಾಲ್‌ನಲ್ಲಿ ತಂತ್ರ, ಬದಲಿ ಆಟಗಾರರು ಎಲ್ಲ ಕೋಚ್ ಕೈಯಲ್ಲಿ. ಅಲ್ಲಿ ತಾರೆಗೆ ಕ್ಯಾಪ್ಟನ್ ಪಟ್ಟಿ ಕಟ್ಟಿದರೆ ಅಪಾಯ ಕಡಿಮೆ. 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಮೆಸ್ಸಿ ಆಟ, ನಾಯಕತ್ವ ಎರಡನ್ನೂ ನಿಭಾಯಿಸಿದರು. ಕ್ರಿಕೆಟ್‌ನಲ್ಲಿ ಬೌಲಿಂಗ್, ಫೀಲ್ಡಿಂಗ್ ನಿರ್ಧಾರ ಮೈದಾನದಲ್ಲೇ ಆಗಬೇಕು. ಅಲ್ಲಿ ನನ್ನ ಆಯ್ಕೆ ನಾಯಕನೇ.

ಒಂದು ಷರತ್ತಿದೆ. ಬ್ಯಾಟಿಂಗ್ ಮೊದಲೇ ದುರ್ಬಲವಾಗಿದ್ದರೆ, ರನ್ ಮಾಡದ ಕ್ಯಾಪ್ಟನ್ ಜಾಸ್ತಿ ದಿನ ಉಳಿಯುವುದು ಕಷ್ಟ. ಅಂಥ ತಂಡದಲ್ಲಿ ಒಳ್ಳೆ ಆಟಗಾರನಿಗೆ ಪಟ್ಟ ಕೊಟ್ಟು, ಪಕ್ಕದಲ್ಲಿ ಅನುಭವಿ ಉಪನಾಯಕನನ್ನು ಇಡಿ.