ಬ್ಯಾಟರಿ ಟರ್ಮಿನಲ್ ಕಿಲುಬಿಗೆ ಯಾವುದು ಸರಿ? ಜೆಲ್ಲಿ, ಗ್ರೀಸ್, ಸ್ಪ್ರೇ, ಫೆಲ್ಟ್ ವಾಷರ್ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ತೊಳೆಯಲಿಕ್ಕೆ ಅಡುಗೆ ಸೋಡಾ, ತೊಳೆದ ಮೇಲೆ ಹಚ್ಚಲಿಕ್ಕೆ ಗ್ರೀಸ್. ಚಿತ್ರದುರ್ಗದ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ದಾವಣಗೆರೆ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ಕೆಸರು ತುಳಿಯುವ ಭಾವನ ಟ್ರ್ಯಾಕ್ಟರಿಗೆ ಇಷ್ಟೇ ಸಾಲಲಿಲ್ಲ. ನಮ್ಮ ಕಾರು, ದಾವಣಗೆರೆಯಲ್ಲಿರುವ ಮಾವನ ಹಳೆಯ ವ್ಯಾನು, ಭಾವನ ಟ್ರ್ಯಾಕ್ಟರು, ಈ ಮೂರರ ಬ್ಯಾಟರಿಗೂ ಬೇರೆ ಬೇರೆ ವಸ್ತು ಹಾಕಿ, ಬೇಸಿಗೆ ಮಳೆಗಾಲ ಎರಡನ್ನೂ ಕಳೆಯಲು ಬಿಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಬೆಳಿಗ್ಗೆ ಕೀ ತಿರುಗಿಸಿದರೆ ಲೈಟು ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಮಾತ್ರ ಟಿಕ್ ಟಿಕ್ ಅಂದು ಸುಮ್ಮನಾಗುತ್ತದೆ. ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು, ಬ್ಯಾಟರಿ ಹೋಯ್ತು. ಎಷ್ಟೋ ಸಲ ಬ್ಯಾಟರಿ ಗಟ್ಟಿಯಾಗಿಯೇ ಇರುತ್ತದೆ, ಟರ್ಮಿನಲ್ ಮೇಲಿನ ಕಿಲುಬು ಕರೆಂಟನ್ನು ತಡೆದಿರುತ್ತದೆ. ಸೆಲ್ಫ್ ಹೊಡೆದಾಗ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಎಳೆಯುವುದು 100 ಆಂಪಿಯರಿಗಿಂತ ಜಾಸ್ತಿ. ಜೋಡಣೆಯಲ್ಲಿ ಬರೀ 0.01 ಓಮ್ ಅಡ್ಡಿ ಇದ್ದರೂ 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಲೈಟಿಗೆ ಕೆಲವೇ ಆಂಪಿಯರ್ ಸಾಕು, ಅದಕ್ಕೇ ಅದು ಉರಿಯುತ್ತದೆ. ಚೆನ್ನಾಗಿರುವ ಬ್ಯಾಟರಿಯನ್ನು ಗುಜರಿಗೆ ಕೊಟ್ಟು ಹೊಸದಕ್ಕೆ ಸಾವಿರಾರು ರೂಪಾಯಿ ಸುರಿಯುವವರನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇದನ್ನು ನೀವೇ ನೋಡಬಹುದು. ಒಂದು ಕಡ್ಡಿ ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದು ಆ ಗೂಟವನ್ನು ಹಿಡಿದಿರುವ, ವೈರಿನ ತುದಿಯ ಕ್ಲ್ಯಾಂಪಿನ ಮೇಲೆ ಇಟ್ಟುಕೊಳ್ಳಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಜೋಡಣೆ ಚೊಕ್ಕಟವಾಗಿದ್ದರೆ 0.1 ವೋಲ್ಟ್ ದಾಟಬಾರದು. ಮಾವನ ವ್ಯಾನಿನಲ್ಲಿ ತೊಳೆಯುವ ಮುಂಚೆ ಅರ್ಧ ವೋಲ್ಟಿಗೂ ಮೇಲಿತ್ತು, ತೊಳೆದ ಮೇಲೆ ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು.

ಇನ್ನು ಈ ಕಿಲುಬು ಬರುವುದು ಎಲ್ಲಿಂದ ಅಂದರೆ, ಬ್ಯಾಟರಿಯೊಳಗಿನ ಸಲ್ಫ್ಯೂರಿಕ್ ಆಸಿಡ್‌ನಿಂದಲೇ. ಚಾರ್ಜ್ ಆಗುವಾಗ ಒಳಗೆ ಹೈಡ್ರೋಜನ್, ಆಕ್ಸಿಜನ್ ಗುಳ್ಳೆ ಏಳುತ್ತವೆ, ಅವುಗಳ ಜೊತೆ ಆಸಿಡ್‌ನ ಸಣ್ಣ ಹನಿಗಳೂ ಮುಚ್ಚಳದ ತೂತಿನಿಂದಲೋ ಗೂಟದ ಬುಡದ ಸಂದಿಯಿಂದಲೋ ಹೊರಗೆ ಬರುತ್ತವೆ. ಸೀಸಕ್ಕೆ ತಗುಲಿದರೆ ಬಿಳಿ ಪುಡಿ, ಹಿತ್ತಾಳೆ ಕ್ಲ್ಯಾಂಪಿಗೋ ವೈರಿನ ತಾಮ್ರಕ್ಕೋ ತಗುಲಿದರೆ ನೀಲಿ ಹಸಿರು. ಈ ಪುಡಿಯಲ್ಲಿ ಸೀಸ ಇರುತ್ತದೆ, ಅದು ವಿಷ. ಅದಕ್ಕೇ ಒಣ ಬ್ರಷ್ ಹಾಕಿ ತಿಕ್ಕುವುದು, ಬಾಯಿಂದ ಊದುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ತಂತಿ ಬ್ರಷ್ ಬೇಕು, ಆದರೆ ಒದ್ದೆ ಮಾಡಿದ ಮೇಲೆ.

ತೊಳೆಯುವುದರಲ್ಲಿ ಪೈಪೋಟಿ ಬೇಗ ಮುಗಿಯಿತು. ಬರೀ ಬಿಸಿ ನೀರು ನೀಲಿ ಕಿಲುಬನ್ನು ಚೆನ್ನಾಗಿ ಕರಗಿಸುತ್ತದೆ, ಬಿಳಿಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೋಲಾ ಸುರಿಯಿರಿ ಅಂತ ಬಹಳ ಜನ ಹೇಳುತ್ತಾರೆ. ಸುರಿದೆ, ನೊರೆ ಬಂತು, ಸ್ವಲ್ಪ ಬಿಟ್ಟಿತು ಕೂಡ. ಆದರೆ ಕೋಲಾದಲ್ಲಿ ಇರುವುದೂ ಆಸಿಡ್ಡೇ, ಅದು ಬ್ಯಾಟರಿ ಆಸಿಡ್ಡನ್ನು ಕೊಲ್ಲುವುದಿಲ್ಲ. ಮೇಲೆ ಸಕ್ಕರೆಯ ಅಂಟು ಬೇರೆ, ಅದಕ್ಕೆ ಧೂಳು, ಇರುವೆ. ಮಾವ ಮಾತ್ರ, "ಅಳಿಯಂದ್ರೇ, ಹಿತ್ತಾಳೆ ಅಲ್ವೇನ್ರಿ ಅದು, ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ದೀಪದ ಕಂಬದಂಗೆ ಹೊಳೀತದೆ" ಅಂದರು. ಹೊಳೆಯಿತು, ಸುಳ್ಳಲ್ಲ. ಆದರೆ ಹುಣಸೆಯೂ ಹುಳಿಯೇ. ಹೊಳಪು ಬಂದರೂ ಬುಡದಲ್ಲಿ ಸೇರಿದ ಆಸಿಡ್ ಹಾಗೇ ಉಳಿಯಿತು, ಕೊನೆಗೆ ಸೋಡಾ ಹಾಕಲೇಬೇಕಾಯಿತು.

ಅಡುಗೆ ಸೋಡಾದ ಗುಣವೇ ಬೇರೆ. ಅದು ಕ್ಷಾರ, ಆಸಿಡ್ ತಗುಲಿದ ಕೂಡಲೇ ಬುಸ್ ಅಂತ ನೊರೆ ಏಳುತ್ತದೆ, ನೊರೆ ನಿಂತರೆ ಅಲ್ಲಿ ಆಸಿಡ್ ಮುಗಿಯಿತು ಅಂತ ಲೆಕ್ಕ. ಬೇರೆ ಯಾವುದೂ ಹೀಗೆ ತಾನೇ ಗುರುತು ಕೊಡುವುದಿಲ್ಲ. ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ, ಹಳೆಯ ಹಲ್ಲುಜ್ಜುವ ಬ್ರಷ್, ಅಷ್ಟೇ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾ ನಮ್ಮ ಕಡೆ ಯಾವ ಮನೆಯಲ್ಲಿ ಇರುವುದಿಲ್ಲ ಹೇಳಿ? ಒಂದೇ ಎಚ್ಚರಿಕೆ, ಆ ನೀರು ಮುಚ್ಚಳದ ತೂತಿನೊಳಗೆ ಹನಿಯೂ ಇಳಿಯಬಾರದು. ಇಳಿದರೆ ಒಳಗಿನ ಆಸಿಡ್ಡೇ ಕೆಡುತ್ತದೆ. ಕೊನೆಗೆ ಬರೀ ನೀರಿನಲ್ಲಿ ಧಾರಾಳವಾಗಿ ತೊಳೆದು, ಬ್ಯಾಟರಿ ಕೂರುವ ತಟ್ಟೆಯನ್ನೂ ಬಿಡಬೇಡಿ, ಅಲ್ಲಿ ನಿಂತ ಆಸಿಡ್ ತಗಡನ್ನು ತಿನ್ನುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ತೊಳೆದ ನೀರು ಮಕ್ಕಳು ಆಡುವ ಕಡೆ, ತರಕಾರಿ ಪಾತಿ ಕಡೆ ಹರಿಯದಿರಲಿ.

ನಿಜವಾದ ಪೈಪೋಟಿ ಇರುವುದು ಹಚ್ಚುವುದರಲ್ಲಿ. ಹೈವೇ ಪಕ್ಕದ ಎಲೆಕ್ಟ್ರಿಷಿಯನ್ ಒಬ್ಬರು, "ಪೆಟ್ರೋಲಿಯಂ ಜೆಲ್ಲಿ ಹಚ್ರಿ ಅಣ್ಣ, ವರ್ಷ ಮುಟ್ಟೋ ಹಂಗಿಲ್ಲ" ಅಂದಿದ್ದರು. ನಮ್ಮ ಕಾರಿನ ಒಂದು ಟರ್ಮಿನಲ್ಲಿಗೆ ಜೆಲ್ಲಿ, ಇನ್ನೊಂದಕ್ಕೆ ಸಾಮಾನ್ಯ ಲಿಥಿಯಂ ಗ್ರೀಸ್ ಹಚ್ಚಿದೆ. ಪ್ಲಸ್ಸಿಗೂ ಮೈನಸ್ಸಿಗೂ ಕಿಲುಬು ಒಂದೇ ಸಮ ಬರುವುದಿಲ್ಲ ಅಲ್ವಾ, ಅದಕ್ಕೆ ಮುಂದಿನ ಬೇಸಿಗೆಗೆ ಅದಲು ಬದಲು ಮಾಡಿದೆ. ಎರಡು ಸಲವೂ ಜೆಲ್ಲಿಯೇ ಸೋತಿತು. ಚಳಿಗಾಲದಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ, ಶುದ್ಧವಾಗಿ ಕೂರುತ್ತದೆ, ಒರೆಸಿದರೆ ಬರುತ್ತದೆ, ಕೈಗೂ ತೊಂದರೆ ಇಲ್ಲ. ಆದರೆ ಅದು ಕರಗುವುದು ಸುಮಾರು 40ರಿಂದ 60 ಡಿಗ್ರಿಯೊಳಗೆ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಓಡಿಸಿ ಇಂಜಿನ್ ಆಫ್ ಮಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಅಷ್ಟು ಬಿಸಿ ಆಗಿಯೇ ಆಗುತ್ತದೆ. ಜೆಲ್ಲಿ ನೀರಾಗಿ ಬ್ಯಾಟರಿ ಮೇಲೆ ಹರಿದು, ಅದಕ್ಕೆ ಧೂಳು ಮೆತ್ತಿ, ಗೂಟ ಬೆತ್ತಲೆ. ಲಿಥಿಯಂ ಗ್ರೀಸ್ ಕರಗಿ ಹನಿಯುವುದು 180 ಡಿಗ್ರಿ ಆಸುಪಾಸಿನಲ್ಲಿ, ಬಾನೆಟ್ ಒಳಗಿನ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ನೋಡಲು ಕೊಳಕು, ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ, ಧೂಳು ಇದಕ್ಕೂ ಅಂಟುತ್ತದೆ. ಆದರೆ ಹಚ್ಚಿದ ಜಾಗದಲ್ಲೇ ಇರುತ್ತದೆ, ನಮಗೆ ಬೇಕಾದ್ದು ಅದು ತಾನೆ? ಒರೆಸಿ ನೋಡಿದರೆ ಕೆಳಗೆ ಸೀಸ ಹಚ್ಚುವಾಗ ಹೇಗಿತ್ತೋ ಹಾಗೇ ಇತ್ತು.

ಗ್ರೀಸನ್ನು ಒಳಗೆ ಮೆತ್ತಿ ಕ್ಲ್ಯಾಂಪ್ ಕೂರಿಸುವವರು ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಒಳಗೆ ಲೋಹಕ್ಕೆ ಲೋಹ ಒಣಗಿದ ಹಾಗೇ ತಗುಲಲಿ, ನಟ್ಟು ಬಿಗಿ ಮಾಡಿ, ಆಮೇಲೆ ಹೊರಗಿನಿಂದ ಗಾಳಿ ಹೋಗದಂತೆ ಹಚ್ಚಿ.

ಟರ್ಮಿನಲ್ ಸ್ಪ್ರೇ ಮಾವನ ವ್ಯಾನಿಗೆ ಹೊಡೆದೆ. ಬಣ್ಣದಂತೆ ಒಣಗಿ ಕೂರುತ್ತದೆ, ಧೂಳು ಅಂಟುವುದಿಲ್ಲ, ನೋಡಲು ಇದರಷ್ಟು ಚೆಂದ ಬೇರೆ ಇಲ್ಲ. ಬಿಸಿಲಿಗೂ ಜಗ್ಗಲಿಲ್ಲ. ತೊಂದರೆ ಏನೆಂದರೆ, ಒಂದು ಸಲ ಕ್ಲ್ಯಾಂಪ್ ಬಿಚ್ಚಿದರೆ ಪದರ ಒಡೆಯುತ್ತದೆ, ಒಡೆದ ಸಂದಿಯಿಂದ ಒಳಗೇ ಕಿಲುಬು ಶುರುವಾಗುತ್ತದೆ, ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಬ್ಯಾಟರಿಯನ್ನು ವರ್ಷಗಟ್ಟಲೆ ಮುಟ್ಟದವರಿಗೆ ಒಳ್ಳೆಯದು. ಮನೆಮನೆಯಲ್ಲಿರುವ ತುಕ್ಕು ಬಿಡಿಸುವ ಸ್ಪ್ರೇಯನ್ನು ಇದರ ಬದಲು ಹೊಡೆಯಬೇಡಿ, ಅದು ತೆಳ್ಳಗೆ, ನಮ್ಮ ಬಿಸಿಲಿಗೆ ಬೇಗ ಆರಿಹೋಗುತ್ತದೆ.

ಈಗ ಟ್ರ್ಯಾಕ್ಟರಿನ ವಿಷಯ. ಅಲ್ಲಿ ಗ್ರೀಸ್ ಮೇಲೆ ಸರಿಯಾಗಿಯೇ ಇತ್ತು, ಕಿಲುಬು ಬಂದದ್ದು ಕೆಳಗಿನಿಂದ, ಗೂಟದ ಬುಡದಿಂದ. ಕುಲುಕಾಟ ಜಾಸ್ತಿ, ಬ್ಯಾಟರಿ ಹಿಡಿಯುವ ಪಟ್ಟಿ ಸಡಿಲ. ಮೇಲೆ ಭಾವ ಡಿಸ್ಟಿಲ್ಡ್ ವಾಟರನ್ನು ಬಾಯಿತನಕ ತುಂಬಿಸುತ್ತಿದ್ದರು, ಅದು ಉಕ್ಕಿ ಬಂದು ಗೂಟದ ಸುತ್ತ ನಿಲ್ಲುತ್ತಿತ್ತು. ಇಲ್ಲಿ ಗೆದ್ದದ್ದು ಫೆಲ್ಟ್ ವಾಷರ್. ಕಿಲುಬು ತಡೆಯುವ ಔಷಧಿಯಲ್ಲಿ ನೆನೆಸಿದ ಬಟ್ಟೆಯ ಬಿಲ್ಲೆ, ಗೂಟಕ್ಕೆ ತೊಡಿಸಿ ಅದರ ಮೇಲೆ ಕ್ಲ್ಯಾಂಪ್ ಕೂರಿಸಬೇಕು. ಬುಡದಿಂದ ಏಳುವ ಆಸಿಡ್ಡನ್ನು ಅಲ್ಲೇ ಹಿಡಿಯುತ್ತದೆ. ಅದರ ಮೇಲೆ ಗ್ರೀಸ್, ಪಟ್ಟಿ ಬಿಗಿ, ನೀರು ಗುರುತಿನವರೆಗೆ ಮಾತ್ರ. ಆಮೇಲೆ ಒಂದು ಮಳೆಗಾಲದ ಉಳುಮೆ ಪೂರ್ತಿ ಅದು ಚೊಕ್ಕಟವಾಗಿತ್ತು. ಕೊಳ್ಳುವ ಮುಂಚೆ ನಿಮ್ಮ ಗೂಟದ ದಪ್ಪ ನೋಡಿ. ಚಿಕ್ಕ ಕಾರುಗಳಲ್ಲಿ ಬಹಳಷ್ಟಕ್ಕೆ ತೆಳ್ಳನೆಯ ಗೂಟ ಇರುತ್ತದೆ, ದಪ್ಪ ಗೂಟದ ವಾಷರ್ ಅದರ ಸುತ್ತ ಸಡಿಲವಾಗಿ ಕೂತು ಪ್ರಯೋಜನಕ್ಕೆ ಬರುವುದಿಲ್ಲ.

ಯಾವುದನ್ನೇ ಹಚ್ಚಿ, ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಗಾಡಿಯ ಬಾಡಿಯೇ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್, ಅಲ್ಲೇ ಹೈಡ್ರೋಜನ್ ಇದ್ದರೆ ಬ್ಯಾಟರಿ ಸಿಡಿಯಬಹುದು. ಬೀಡಿ ಸಿಗರೇಟು ದೂರ ಇರಲಿ.

ಸೋಡಾ ಹಾಕಿ ತೊಳೆದು, ಗ್ರೀಸ್ ಹಚ್ಚಿ, ವಾಷರ್ ಹಾಕಿದ ಮೇಲೂ ತಿಂಗಳೊಳಗೆ ಕಿಲುಬು ವಾಪಸ್ ಬಂದರೆ ಹಚ್ಚುವ ವಸ್ತು ಬದಲಿಸುತ್ತಾ ಕೂರಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ವೋಲ್ಟ್ ನೋಡಿ. 15 ವೋಲ್ಟ್ ದಾಟುತ್ತಿದ್ದರೆ ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಜಾಸ್ತಿ ಚಾರ್ಜ್ ಮಾಡುತ್ತಿದೆ, ಅದನ್ನು ತೋರಿಸಿ. ವೋಲ್ಟ್ ಸರಿಯಿದ್ದರೆ ಗೂಟದ ಬುಡದ ಸೀಲ್ ಸೋರುತ್ತಿರಬಹುದು, ವಾರಂಟಿ ಕಾರ್ಡ್ ಹಿಡಿದು ಬ್ಯಾಟರಿ ಕೊಂಡ ಅಂಗಡಿಗೆ ಹೋಗಿ.